ಜಿಬ್‌ನ ಮೂರು ಮೂಲೆ, ಮೂರು ಬಗೆಯ ಕೊಂಡಿ

ಸಣ್ಣ ಹಾಯಿದೋಣಿಯ ಜಿಬ್, ಅಂದರೆ ಮುಂದಿನ ತ್ರಿಕೋನ ಹಾಯಿ, ಕಟ್ಟುವ ಕೆಲಸ ಬೇಗ ಮುಗಿಯಲಿ ಅಂತ ಒಂದೇ ಅಳತೆಯ ಸ್ನ್ಯಾಪ್ ಶ್ಯಾಕಲ್ ನಾಲ್ಕೈದು ತರಿಸಿ ಎಲ್ಲ ಕಡೆಗೂ ಅದನ್ನೇ ಹಾಕುವವರು ಬಹಳ ಜನ. ಹೊಳೆಯುವ ಸ್ಟೀಲು, ಎಳೆದರೆ ಟಕ್ಕಂತ ಬಿಚ್ಚಿಕೊಳ್ಳುವ ಪಿನ್ನು. ನೋಡಿದರೆ ಆಸೆಯಾಗುವ ವಸ್ತುವೇ. ಆದರೆ ಜಿಬ್‌ನ ಮೂರು ಮೂಲೆಗಳ ಪಾಡು ಮೂರು ತರ. ಮುಂದಿನ ಕೆಳಮೂಲೆ, ಅಂದರೆ ಟ್ಯಾಕ್, ದೋಣಿಯ ಮೂತಿಗೆ ಬಿಗಿದ ಮೇಲೆ ಅಲ್ಲಾಡುವುದೇ ಇಲ್ಲ. ತುದಿಯ ಹೆಡ್ ಒಮ್ಮೆ ಮೇಲೇರಿದರೆ ಇಳಿಸುವ ತನಕ ಕೈಗೆ ಸಿಗುವುದಿಲ್ಲ. ಹಿಂದಿನ ಕ್ಲ್ಯೂ ಮಾತ್ರ ದೋಣಿ ತಿರುಗಿದಾಗಲೆಲ್ಲ ಪಟಪಟ ಬಡಿದುಕೊಳ್ಳುತ್ತ, ಮಾಸ್ಟ್‌ಗೂ (ಹಾಯಿಕಂಬ) ಶ್ರೌಡ್‌ಗೂ (ಮಾಸ್ಟನ್ನು ಬದಿಯಿಂದ ಹಿಡಿದಿರುವ ತಂತಿ) ಉಜ್ಜಿಕೊಂಡು ಆಚೆ ಬದಿಗೆ ಹೋಗುತ್ತದೆ. ಈ ಮೂರಕ್ಕೂ ಒಂದೇ ಕೊಂಡಿ ಒಗ್ಗುವುದಿಲ್ಲ.

ಕೊಂಡಿ ಆರಿಸುವಾಗ ಎಲ್ಲರೂ ಮೊದಲು ಕೇಳುವುದು ‘ಎಷ್ಟು ಭಾರ ತಡೆಯುತ್ತೆ?’ ಅಂತ. ಸಣ್ಣ ದೋಣಿಯಲ್ಲಿ ಇದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ಶೀಟಿನ (ಕ್ಲ್ಯೂಗೆ ಕಟ್ಟಿ ಹಾಯಿಯನ್ನು ಎಳೆಯುವ ಹಗ್ಗ) ಮೇಲೆ ಬೀಳುವ ಎಳೆತಕ್ಕೆ ಒಂದು ಅಂದಾಜು ಲೆಕ್ಕವಿದೆ: ಹಾಯಿಯ ವಿಸ್ತೀರ್ಣ ಚದರ ಮೀಟರಿನಲ್ಲಿ, ಅದಕ್ಕೆ ಗಾಳಿಯ ವೇಗದ ವರ್ಗ ನಾಟ್‌ನಲ್ಲಿ (ಗಂಟೆಗೆ ನಾಟಿಕಲ್ ಮೈಲಿ) ಗುಣಿಸಿ, ಬಂದದ್ದನ್ನು 0.021ರಿಂದ ಗುಣಿಸಿದರೆ ಕಿಲೋ ಲೆಕ್ಕದಲ್ಲಿ ಉತ್ತರ ಸಿಗುತ್ತದೆ. ಮೂರೂವರೆ ಚದರ ಮೀಟರಿನ ಡಿಂಗಿ (ತೆರೆದ ಸಣ್ಣ ದೋಣಿ) ಜಿಬ್‌ಗೆ 20 ನಾಟ್ ಗಾಳಿಯಲ್ಲಿ ಸುಮಾರು 30 ಕಿಲೋ. ಆರು ಮೀಟರಿನ ಕೀಲ್ ದೋಣಿಯ ಎಂಟು ಚದರ ಮೀಟರಿನ ಜಿಬ್‌ಗೆ ಅದೇ ಗಾಳಿಯಲ್ಲಿ 67 ಕಿಲೋ. ಒಳ್ಳೆಯ ತಯಾರಿಕೆಯ 5 ಮಿ.ಮೀ. ಡಿ ಶ್ಯಾಕಲ್ (ಡಿ ಆಕಾರದ, ತಿರುಪು ಪಿನ್ನಿನ ಕೊಂಡಿ) ತುಂಡಾಗಬೇಕಾದರೆ ಸಾವಿರ ಕಿಲೋ ಆಸುಪಾಸಿನ ಎಳೆತ ಬೇಕು. ಹಾಯಿ ಝಾಡಿಸಿದಾಗ ಬೀಳುವ ಹೊಡೆತ ಇದರ ಹಲವು ಪಟ್ಟು ಅಂತ ಹಿಡಿದರೂ ಬಲಕ್ಕೆ ಕೊರತೆಯಿಲ್ಲ.

ಕೊಂಡಿ ಕೈಕೊಡುವುದು ಎಳೆತ ಇರುವಾಗ ಅಲ್ಲ, ಸಡಿಲಾದಾಗ. ಬಿಗಿಯಾಗಿದ್ದಾಗ ಬಹುತೇಕ ಎಲ್ಲ ಕೊಂಡಿಯೂ ಹಿಡಿದೇ ಇರುತ್ತದೆ. ಹಾಯಿ ಗಾಳಿ ಬಿಟ್ಟು ಬಡಿದುಕೊಳ್ಳುವ ಆ ಐದಾರು ಸೆಕೆಂಡಿನಲ್ಲಿ ಪಿನ್ ಅದುರುತ್ತದೆ, ರಿಂಗು ಎಲ್ಲೋ ಸಿಕ್ಕಿಕೊಳ್ಳುತ್ತದೆ, ಗಂಟು ಸಡಿಲುತ್ತದೆ. ಆದ್ದರಿಂದ ಅಂಗಡಿಯಲ್ಲಿ ಕೊಂಡಿಯನ್ನು ಎಳೆದು ನೋಡಿದರೆ ಏನೂ ತಿಳಿಯುವುದಿಲ್ಲ. ಎರಡು ಹಗ್ಗಕ್ಕೆ ಸಿಕ್ಕಿಸಿ, ಸಡಿಲ ಬಿಟ್ಟು, ಜೋರಾಗಿ ಕೊಡವಿ, ಮೇಜಿನ ಅಂಚಿಗೆ ಉಜ್ಜಿ ನೋಡಬೇಕು.

ಕ್ಲ್ಯೂ: ಇಲ್ಲಿ ಲೋಹ ಬೇಡ

ಕ್ಲ್ಯೂ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ. ಬಡಿದುಕೊಳ್ಳುವ ಹಾಯಿಯ ತುದಿಯಲ್ಲಿ ಲೋಹದ ತುಂಡು ಇರಕೂಡದು. ಜಿಬ್ ಇಳಿಸಲು ಮುಂದೆ ಹೋದವರ ಮುಖದ ಎತ್ತರಕ್ಕೇ ಆ ತುಂಡು ಬೀಸುತ್ತಿರುತ್ತದೆ. 60 ಗ್ರಾಂ ತೂಕದ ಸ್ನ್ಯಾಪ್ ಶ್ಯಾಕಲ್ ಹಲ್ಲು ಮುರಿಯಲು, ಕಣ್ಣು ಕೆಡಿಸಲು ಸಾಕು. ಮಾಸ್ಟ್‌ನ ಅನೋಡೈಸಿಂಗ್ ಕಿತ್ತುಬರುವುದು, ಡೆಕ್‌ನ ಜೆಲ್‌ಕೋಟ್ ಚಕ್ಕೆ ಏಳುವುದು ಇದರ ಮುಂದೆ ಸಣ್ಣ ನಷ್ಟ.

ಪೆಟ್ಟು ಒಂದು ಕಡೆಯಾದರೆ, ಸ್ನ್ಯಾಪ್ ಶ್ಯಾಕಲ್ ಕ್ಲ್ಯೂನಲ್ಲಿ ತಾನಾಗಿ ತೆರೆದುಕೊಳ್ಳುವ ಭಯವೂ ಇದೆ. ಪಿನ್ ಎಳೆಯಲು ಕೊಟ್ಟ ರಿಂಗು ಶ್ರೌಡ್ ಬಿಗಿಸುವ ಟರ್ನ್‌ಬಕಲ್‌ಗೋ ಅದರ ಸ್ಪ್ಲಿಟ್ ಪಿನ್‌ಗೋ ತಗುಲುತ್ತದೆ. ಹಾಯಿ ಮುಂದಕ್ಕೆ ಜಗ್ಗುತ್ತದೆ. ರಿಂಗು ಅಲ್ಲೇ ನಿಂತರೆ ಪಿನ್ ಹೊರಗೆ ಬರದೆ ಇನ್ನೇನು? ರಿಂಗಿಗೆ ಟೇಪ್ ಸುತ್ತಿದರೆ ತಗುಲುವುದು ತಪ್ಪುತ್ತದೆ, ಆದರೆ ಬೇಗ ಬಿಚ್ಚುವ ಅನುಕೂಲವೂ ಅದರೊಂದಿಗೇ ಹೋಗುತ್ತದೆ. ಅಲ್ಲಿಗೆ ಸ್ನ್ಯಾಪ್ ಶ್ಯಾಕಲ್ ಹಾಕಿ ಬಂದ ಲಾಭವೇನು?

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕ್ಯಾರಬೈನರ್ ಹುಕ್, ನಾಯಿ ಚೈನಿಗೆ ಹಾಕುವಂಥದ್ದು, ಇನ್ನೂ ಅಪಾಯ. ಅದರ ಮುಚ್ಚಳದ ತುದಿಯಲ್ಲಿ ಒಂದು ಕಚ್ಚು ಇರುತ್ತದೆ. ಬಿಚ್ಚುವಾಗಲೆಲ್ಲ ಅದು ಹಾಯಿಬಟ್ಟೆಯ ದಾರವನ್ನೋ ಶೀಟಿನ ಎಳೆಯನ್ನೋ ಹಿಡಿದೆಳೆಯುತ್ತದೆ. ಶ್ರೌಡ್ ತಂತಿಗೆ ಒತ್ತಿಕೊಂಡರೆ ಮುಚ್ಚಳ ಒಳಕ್ಕೆ ಸರಿದು, ತಂತಿಯೇ ಹುಕ್ಕಿನೊಳಗೆ ಬಂದು ಕೂರುತ್ತದೆ. ಆಮೇಲೆ ಜಿಬ್ ಆಚೆಗೂ ಹೋಗದು, ಈಚೆಗೂ ಬಾರದು. ದೋಣಿ ಗಾಳಿಗೆ ಅಡ್ಡ ಬೀಳುತ್ತದೆ.

ಇಂಗಲ್‌ಫೀಲ್ಡ್ ಕ್ಲಿಪ್ ಬಗ್ಗೆ ನನಗೆ ಗೌರವವಿದೆ. 1890ರ ಸುಮಾರಿಗೆ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಎಡ್ವರ್ಡ್ ಇಂಗಲ್‌ಫೀಲ್ಡ್ ಸಂಕೇತ ಬಾವುಟಗಳನ್ನು ಬೇಗ ಜೋಡಿಸಲೆಂದು ಮಾಡಿದ್ದು. ಇಂದಿಗೂ ಬಾವುಟಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಒಂದೇ ತರದ ಎರಡು ಸಿ ಆಕಾರದ ತುಂಡುಗಳು. ಒಂದರ ಸೀಳಿಗೆ ಇನ್ನೊಂದನ್ನು ಅಡ್ಡ ಹಿಡಿದು ತೂರಿಸಿ ನೇರ ಮಾಡಿದರೆ ಕೂತಿತು. ಸ್ಪ್ರಿಂಗ್ ಇಲ್ಲ, ಪಿನ್ ಇಲ್ಲ, ಕಳೆದುಹೋಗುವ ಭಾಗವೇ ಇಲ್ಲ. ಹಾಯಿ ಬದಲಿಸುತ್ತಲೇ ಇರಬೇಕಾದ ದೋಣಿಗಳಲ್ಲಿ ಜಿಬ್ ಶೀಟಿಗೂ ಇದನ್ನು ಹಾಕುವ ರೂಢಿಯಿದೆ. ತೊಂದರೆ ಎಂದರೆ ಕಂಚಿನದ್ದಾದರೆ ತೂಕ ಹೆಚ್ಚು, ಪೆಟ್ಟು ಜೋರು. ಪ್ಲಾಸ್ಟಿಕ್‌ನವು ಬಾವುಟಕ್ಕೆ ಸಾಕು, ಶೀಟಿಗೆ ಸಾಲದು. ಬಡಿದುಕೊಳ್ಳುವಾಗ ಎರಡು ಸೀಳುಗಳೂ ಎದುರುಬದುರಾದರೆ ಕಳಚುವ ಸಾಧ್ಯತೆಯೂ ಇದೆ. ಹಾಕಲೇಬೇಕೆಂದರೆ ಕ್ಲಿಪ್ಪಿನಿಂದ ಕ್ಲ್ಯೂ ತೂತಿನವರೆಗಿನ ಹಗ್ಗವನ್ನು ಆದಷ್ಟು ಗಿಡ್ಡವಾಗಿ, ಗಟ್ಟಿಯಾಗಿ ಕಟ್ಟಿ. ಕ್ಲಿಪ್ ಹೊರಳಲು ಜಾಗ ಕಡಿಮೆಯಾದಷ್ಟೂ ಒಳ್ಳೆಯದು.

ಉಳಿದದ್ದು ಎರಡು: ಜಾರದ ಕುಣಿಕೆ ಬರುವ ಬೋಲೈನ್ ಗಂಟು, ಇಲ್ಲವೇ ಡೈನೀಮಾ ಎಂಬ ಬಲು ಗಟ್ಟಿ ಕೃತಕ ನಾರಿನ ಹಗ್ಗದಿಂದ ಮಾಡಿದ ಸಾಫ್ಟ್ ಶ್ಯಾಕಲ್.

ಜಿಬ್ ಒಂದೇ ಇದ್ದು, ಶೀಟು ಅದಕ್ಕೇ ಕಟ್ಟಿಕೊಂಡು ಚೀಲದೊಳಗೆ ಹೋಗುವುದಾದರೆ ಬೋಲೈನ್ ಸಾಕು. ಖರ್ಚಿಲ್ಲ, ಒದ್ದೆಯಾದರೂ ಬಿಚ್ಚಲು ಬರುತ್ತದೆ. 8 ಮಿ.ಮೀ. ಶೀಟಿಗೆ ಗಂಟಿನ ಬಾಲ ಕಡಿಮೆಯೆಂದರೂ 10 ಸೆಂ.ಮೀ. ಬಿಡಿ. ಹೊಸ ಹಗ್ಗ ನುಣುಪಾಗಿದ್ದರೆ ಬಡಿತಕ್ಕೆ ಬೋಲೈನ್ ಸಡಿಲುತ್ತದೆ, ಬಾಲ ಗಿಡ್ಡವಿದ್ದರೆ ಬಿಚ್ಚಿಯೇ ಹೋಗುತ್ತದೆ. ಇದರ ನಿಜವಾದ ಕೊರತೆ ಗಾತ್ರ. ಎರಡು ಶೀಟಿಗೆ ಎರಡು ಗಂಟು, ಎರಡಕ್ಕೂ ಭುಜವಿದ್ದ ಹಾಗೆ ಚಾಚಿದ ಅಂಚು. ತಿರುಗುವಾಗ ಶ್ರೌಡ್‌ಗೆ ತಡೆದು ನಿಲ್ಲುತ್ತವೆ. ಒಂದೇ ಉದ್ದ ಹಗ್ಗವನ್ನು ನಡುವೆ ಮಡಚಿ, ಮಡಿಕೆಯನ್ನು ಕ್ಲ್ಯೂ ತೂತಿನಲ್ಲಿ ತೂರಿಸಿ, ಎರಡೂ ತುದಿಗಳನ್ನು ಆ ಮಡಿಕೆಯೊಳಗಿಂದ ಎಳೆದರೆ ಬರುವ ಕೌ ಹಿಚ್ ಇದಕ್ಕಿಂತ ಎಷ್ಟೋ ನಯ. ಆದರೆ ಪ್ರತಿಸಲ ಬಿಚ್ಚಲು ಎರಡೂ ತುದಿಗಳನ್ನು ಬ್ಲಾಕ್‌ಗಳಿಂದ (ರಾಟೆಗಳಿಂದ) ಈಚೆಗೆ ತೆಗೆಯಬೇಕು.

ಹಾಯಿ ಬದಲಿಸುವವರಿಗೆ, ಶೀಟನ್ನು ದೋಣಿಯಲ್ಲೇ ಬಿಟ್ಟು ಜಿಬ್ ಮಾತ್ರ ಒಯ್ಯುವವರಿಗೆ ಸಾಫ್ಟ್ ಶ್ಯಾಕಲ್ಲೇ ಸರಿ. 4 ಮಿ.ಮೀ. ಡೈನೀಮಾ ಹಗ್ಗ ಒಂದೂವರೆ ಟನ್ ಆಸುಪಾಸಿನ ಎಳೆತ ತಡೆಯುತ್ತದೆ. ಸಾಫ್ಟ್ ಶ್ಯಾಕಲ್ ಆದಾಗ ಎಳೆತ ಹಲವು ಎಳೆಗಳಿಗೆ ಹಂಚಿಹೋಗುವುದರಿಂದ ಅದಕ್ಕೂ ಹೆಚ್ಚು. ಡಿಂಗಿಗೆ 3 ಮಿ.ಮೀ. ಕೂಡ ಬೇಕಾದಷ್ಟಾಯಿತು. ಆದರೂ 4ನ್ನೇ ಹೇಳುತ್ತೇನೆ, ಬಲಕ್ಕಾಗಿ ಅಲ್ಲ. ಒದ್ದೆ ಬೆರಳಿಗೆ 3ರ ಕುಣಿಕೆ ಹಿಡಿಯಲು ಸಿಗುವುದಿಲ್ಲ, ಉಜ್ಜಿದಾಗ ಬೇಗ ಸವೆಯುತ್ತದೆ.

ಮಾಡುವ ಕ್ರಮ ಹೀಗೆ. 12 ಎಳೆಯ ಪೊಳ್ಳು ಹೆಣಿಗೆಯ ಡೈನೀಮಾ 1.2 ಮೀಟರ್ ತೆಗೆದುಕೊಳ್ಳಿ. ಹೊರಕವಚ ಇರುವ ಹಗ್ಗ ಆಗುವುದಿಲ್ಲ. ನಡುವಿಗೆ ಗುರುತು ಹಾಕಿ, ಅಲ್ಲಿಂದ ಒಂದು ಕಡೆ 3 ಸೆಂ.ಮೀ. ದೂರದಲ್ಲಿ ಇನ್ನೊಂದು ಗುರುತು, ಅದೇ ಕಡೆ ಮತ್ತೆ 18 ಸೆಂ.ಮೀ. ಆಚೆ ಮೂರನೆಯದು. ತೆಳು ತಂತಿಯೊಂದನ್ನು ಎರಡಾಗಿ ಮಡಚಿ, ಮೂರನೆಯ ಗುರುತಿನಲ್ಲಿ ಹಗ್ಗದ ಹೊಟ್ಟೆಯೊಳಗೆ ತೂರಿಸಿ ಎರಡನೆಯ ಗುರುತಿನಲ್ಲಿ ಹೊರಗೆ ತನ್ನಿ. ಇನ್ನೊಂದು ಕಡೆಯ ತುದಿಯನ್ನು ತಂತಿಯ ಮಡಿಕೆಗೆ ಸಿಕ್ಕಿಸಿ ಒಳಗಿಂದ ಎಳೆದು ಮೂರನೆಯ ಗುರುತಿನಲ್ಲಿ ಹೊರತೆಗೆಯಿರಿ. ಈಗ ಒಂದು ಕಾಲು ಇನ್ನೊಂದರ ಒಳಗೆ ಜಾರುತ್ತದೆ, ನಡುವಿನಲ್ಲಿ ಸಣ್ಣ ಕುಣಿಕೆ ಉಳಿದಿರುತ್ತದೆ. ಹೊರಗಿನ ಹೆಣಿಗೆಯನ್ನು ಹಿಂದಕ್ಕೆ ಸುಕ್ಕಿಸಿದರೆ ಕುಣಿಕೆ ಅಗಲವಾಗುತ್ತದೆ, ಕುಣಿಕೆಯ ಕಡೆಗೆ ಸವರಿದರೆ ಬಿಗಿಯುತ್ತದೆ. ಇನ್ನೊಂದು ಕೊನೆಯಲ್ಲಿ ಉಳಿದ ಎರಡು ಬಾಲಗಳನ್ನು ಹೆಣೆದು ಗುಂಡಿಯಂಥ ಡೈಮಂಡ್ ಗಂಟು ಹಾಕಿ. ಒಂದೊಂದೇ ಎಳೆಯನ್ನು ಇಕ್ಕಳದಿಂದ ಎಳೆದು, ಗಂಟು ಕಲ್ಲಿನಂತೆ ಗಟ್ಟಿಯಾಗುವ ತನಕ ಬಿಗಿಯಿರಿ. ಆಮೇಲೆ ಗಂಟನ್ನು ಕುಣಿಕೆಯಲ್ಲಿ ತೂರಿಸಿ ಶ್ಯಾಕಲ್ ಮುಚ್ಚಿ, ಒಂದು ಕಂಬಕ್ಕೆ ಕಟ್ಟಿ, ದೇಹದ ಭಾರ ಪೂರ್ತಿ ಹಾಕಿ ಜಗ್ಗಿ. ಗಂಟು ಕೂತ ಮೇಲೆಯೇ ಬಾಲವನ್ನು 2 ಸೆಂ.ಮೀ. ಉಳಿಸಿ ಕತ್ತರಿಸುವುದು. ಡೈನೀಮಾ ವಿಪರೀತ ಜಾರುವ ನಾರು; ಡೈಮಂಡ್ ಬದಲು ಮಾಮೂಲಿ ಒಂಟಿಗಂಟು ಹಾಕಿದರೆ ಎಳೆತಕ್ಕೆ ಉರುಳಿ ಬಿಚ್ಚಿಹೋಗುತ್ತದೆ. ತುದಿ ಸುಡುವ ಅಭ್ಯಾಸವಿದ್ದವರು ಗಂಟಿಗೆ ಬಿಸಿ ತಾಕದಂತೆ ನೋಡಿಕೊಳ್ಳಿ. ಡೈನೀಮಾ 150 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕರಗುತ್ತದೆ.

ಇದನ್ನು ಶೀಟಿಗೆ ಕಾಯಂ ಆಗಿ ಸೇರಿಸಿಬಿಡಬಹುದು. ಶೀಟಿನ ನಡುಭಾಗವನ್ನು ಮುಚ್ಚಿದ ಶ್ಯಾಕಲ್‌ಗೆ ಕೌ ಹಿಚ್ ಹಾಕಿ ಬಿಗಿದು, ಹಿಚ್ಚಿನ ಕೊರಳಿಗೆ ಮೇಣದ ದಾರದಲ್ಲಿ ನಾಲ್ಕು ಹೊಲಿಗೆ ಹಾಕಿ. ಶ್ಯಾಕಲ್ ತೆರೆದಿದ್ದಾಗಲೂ ಜಾರಿ ನೀರಿಗೆ ಬೀಳುವುದಿಲ್ಲ. ಕುಣಿಕೆಯ ಬುಡದಲ್ಲಿ ಬಣ್ಣದ ದಾರದ ಸಣ್ಣ ಎಳೆಯೊಂದನ್ನು ಹೊಲಿದರೆ, ತಣ್ಣಗಾದ ಬೆರಳಿನಲ್ಲೂ ಹಿಡಿದು ತೆರೆಯಬಹುದು.

ಸಾಫ್ಟ್ ಶ್ಯಾಕಲ್ ಕಳಚಿತು ಅಂತ ಕೇಳಿಬರುವ ದೂರುಗಳಿಗೆ ಬಹುಪಾಲು ಒಂದೇ ಕಾರಣ: ಗಂಟನ್ನು ಕುಣಿಕೆಯಲ್ಲಿ ತೂರಿಸಿ, ಹೊರ ಹೆಣಿಗೆಯನ್ನು ಸವರಿ ಬಿಗಿಯದೆ ಹಾಗೇ ಬಿಟ್ಟಿರುತ್ತಾರೆ. ಸವರಿದ ಮೇಲೆ ಕುಣಿಕೆ ಗಂಟಿನ ಕೊರಳನ್ನು ಕಚ್ಚಿ ಹಿಡಿದಿರಬೇಕು. ಎರಡರ ನಡುವೆ ಉಗುರು ತೂರುವಷ್ಟು ಸಂದು ಕಂಡರೂ ಇನ್ನೊಮ್ಮೆ ಸವರಿ. ಇನ್ನೊಂದು ಕಾರಣ ಕ್ಲ್ಯೂ ತೂತಿನ ಹಳೆಯ ಲೋಹದ ಬಳೆ. ಸವೆದು ಅಂಚು ಚೂಪಾಗಿದ್ದರೆ ಡೈನೀಮಾ ಬೇಗ ಹರಿಯುತ್ತದೆ. ಬೆರಳಾಡಿಸಿ ನೋಡಿ, ಗೀರಿದರೆ ನುಣ್ಣನೆ ಮರಳುಕಾಗದದಿಂದ ಉಜ್ಜಿ ನಯ ಮಾಡಿ.

ಟ್ಯಾಕ್: ಮಾಸ್ಟನ್ನು ಹಿಡಿದಿರುವುದು ಯಾವುದು?

ಟ್ಯಾಕ್‌ಗೆ ಏನು ಹಾಕಬೇಕು ಎನ್ನುವುದಕ್ಕೆ ಮೊದಲು ಒಂದು ವಿಷಯ ತಿಳಿದಿರಬೇಕು: ನಿಮ್ಮ ದೋಣಿಯ ಜಿಬ್ ಫೋರ್‌ಸ್ಟೇಗೆ (ಮಾಸ್ಟನ್ನು ಮುಂದಿನಿಂದ ಹಿಡಿದಿರುವ ತಂತಿ) ಕೊಂಡಿ ಹಾಕಿಕೊಂಡು ಏರುವಂಥದ್ದೋ, ಅಥವಾ ಜಿಬ್‌ನ ಮುಂದಿನ ಅಂಚಿನೊಳಗೇ ಉಕ್ಕಿನ ತಂತಿ ಇರುವಂಥದ್ದೋ?

ಫ್ರಾನ್ಸಿನ ಕ್ರಿಸ್ಟಿಯನ್ ಮೋರಿ 1959ರಲ್ಲಿ ವಿನ್ಯಾಸ ಮಾಡಿದ 420, ಅದಕ್ಕೂ ಹತ್ತು ವರ್ಷ ಮೊದಲು ಜ್ಯಾಕ್ ಹೋಲ್ಟ್ ರೂಪಿಸಿದ ಜಿಪಿ14, ಇಂಥ ಡಿಂಗಿಗಳಲ್ಲಿ ಜಿಬ್ ಹಾಲ್ಯಾರ್ಡ್ (ಹಾಯಿ ಏರಿಸುವ ಹಗ್ಗ) ಬಿಗಿದಾಗ ಆ ಒಳತಂತಿಯೇ ಮಾಸ್ಟನ್ನು ಮುಂದಕ್ಕೆ ಎಳೆದು ಹಿಡಿಯುತ್ತದೆ. ಫೋರ್‌ಸ್ಟೇ ಸಡಿಲಾಗಿ ನೇತಾಡುತ್ತಿರುತ್ತದೆ. ಜಿಪಿ14ರಲ್ಲಿ ಈ ಎಳೆತವನ್ನು 350ರಿಂದ 400 ಪೌಂಡ್, ಅಂದರೆ 160–180 ಕಿಲೋವರೆಗೆ ಇಡುವುದು ವಾಡಿಕೆ. ಗಾಳಿ ಇರಲಿ ಬಿಡಲಿ, ದಿನವಿಡೀ ಆ ಎಳೆತ ಟ್ಯಾಕ್ ಕೊಂಡಿಯ ಮೇಲಿರುತ್ತದೆ. ಅಲ್ಲಿ ಸ್ನ್ಯಾಪ್ ಶ್ಯಾಕಲ್ ತೆರೆದುಕೊಂಡರೆ ಹಾಯಿ ಮಾತ್ರವಲ್ಲ, ಮಾಸ್ಟ್ ಕೂಡ ಹಿಂದಕ್ಕೆ ವಾಲುತ್ತದೆ. ಫೋರ್‌ಸ್ಟೇ ತೆಗೆದಿಟ್ಟಿದ್ದರೆ ಬಿದ್ದೇ ಹೋಗುತ್ತದೆ. ಇಂಥ ದೋಣಿಗೆ 5 ಮಿ.ಮೀ. ಫೋರ್ಜ್ ಮಾಡಿದ ಡಿ ಶ್ಯಾಕಲ್ ಬಿಟ್ಟು ಬೇರೆ ಯೋಚನೆಯೇ ಬೇಡ. ಪಿನ್ನನ್ನು ಕೀಯಿಂದ ಪೂರ್ತಿ ಬಿಗಿದು, ಪಿನ್ನಿನ ತೂತಿಗೂ ಶ್ಯಾಕಲ್ ಮೈಗೂ ಸೇರಿಸಿ ತೆಳು ಸ್ಟೀಲ್ ತಂತಿ ಕಟ್ಟಿ. ಕೇಬಲ್ ಟೈ ಹಾಕುವುದಾದರೆ ಕಪ್ಪು ಬಣ್ಣದ್ದೇ ಇರಲಿ, ಬಿಳಿಯದು ಬಿಸಿಲಿಗೆ ಬೇಗ ಪುಡಿಯಾಗುತ್ತದೆ.

ಫೋರ್‌ಸ್ಟೇಯೇ ಮಾಸ್ಟನ್ನು ಹಿಡಿದಿರುವ ದೋಣಿಯಲ್ಲಿ ಲೆಕ್ಕ ಬೇರೆ. ಇಲ್ಲಿ ಟ್ಯಾಕ್ ಮೇಲೆ ಹಾಯಿಯ ಎಳೆತ ಮಾತ್ರ, ಅದೂ ಸಡಿಲಾಗದೆ ಒಂದೇ ದಿಕ್ಕಿನಲ್ಲಿ. ಸ್ನ್ಯಾಪ್ ಶ್ಯಾಕಲ್‌ಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮೂತಿಯ ಫಿಟ್ಟಿಂಗ್‌ಗೆ ಅದನ್ನು ಕಾಯಂ ಕೂರಿಸಿ, ಹಾಯಿ ಬಂದಾಗ ಸಿಕ್ಕಿಸುವುದಷ್ಟೇ. ಸ್ವಿವೆಲ್ (ಸುತ್ತ ತಿರುಗುವ ಕೀಲು) ಇಲ್ಲದ್ದನ್ನು ಆರಿಸಿ, ಗಿಡ್ಡವಾಗಿರುತ್ತದೆ, ತಿರುಚಿಕೊಳ್ಳುವುದಿಲ್ಲ. ರಿಂಗು ತೆಗೆದುಹಾಕಿ 2 ಮಿ.ಮೀ. ಹಗ್ಗದ, ಮೂರು ಸೆಂ.ಮೀ. ಉದ್ದದ ಬಾಲ ಕಟ್ಟಿ, ಪಿನ್ ಹಿಂಬದಿಗೆ ಮುಖ ಮಾಡಿರಲಿ. ಲಂಗರಿನ ಹಗ್ಗ ಅದರ ಪಕ್ಕದಲ್ಲೇ ಓಡುವುದಾದರೆ ಮಾತ್ರ ಆ ಬಾಲವನ್ನೂ ಟೇಪಿನಿಂದ ಮುಚ್ಚಿ.

ಗುಂಡಿ ಒತ್ತಿದರೆ ಬಿಡುವ ಬಾಲ್-ಲಾಕ್ ಪಿನ್ನನ್ನೂ ಟ್ಯಾಕ್‌ಗೆ ಬಳಸುತ್ತಾರೆ. ಒಳ್ಳೆಯದೇ, ಆದರೆ ಉದ್ದ ಸರಿಯಾಗಿ ನೋಡಿ ತೆಗೆದುಕೊಳ್ಳಬೇಕು. ಫಿಟ್ಟಿಂಗಿನ ಎರಡು ಕೆನ್ನೆಗಳ ಹೊರ ಅಳತೆ ಎಷ್ಟೋ, ಪಿನ್ನಿನ ಹಿಡಿತದ ಉದ್ದವೂ ಅಷ್ಟಿರಬೇಕು, ಒಂದು ಮಿ.ಮೀ. ಹೆಚ್ಚಾದರೆ ಪರವಾಗಿಲ್ಲ. ಗಿಡ್ಡವಾದರೆ ಗುಂಡುಗಳು ತೂತಿನೊಳಗೇ ಸಿಕ್ಕಿಕೊಂಡಿರುತ್ತವೆ; ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ಹಾಕಿದ ಮೇಲೆ ಆಚೆ ಕಡೆ ಎರಡೂ ಗುಂಡು ಹೊರಬಂದಿವೆಯೇ ಅಂತ ಬೆರಳಿನಿಂದ ಮುಟ್ಟಿ ನೋಡಿ. ಉಪ್ಪುನೀರಿನಲ್ಲಿ ಒಳಗಿನ ಸ್ಪ್ರಿಂಗ್ ಹಿಡಿದುಕೊಳ್ಳುತ್ತದೆ, ಆಗ ಗುಂಡುಗಳು ಒಳಗೇ ಉಳಿಯುತ್ತವೆ.

ಹೆಡ್‌ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಪಿನ್ ಕಳಚಿ ಬೀಳದಂಥ, ಕಾಲು ಸುತ್ತಿಗೆ ತೆರೆಯುವ ಕ್ಯಾಪ್ಟಿವ್ ಪಿನ್ ಶ್ಯಾಕಲ್ ಹಾಲ್ಯಾರ್ಡ್ ತುದಿಗೆ ಸಾಕು. ಕೊಳ್ಳುವ ಮೊದಲು ಉದ್ದ ಅಳೆಯಿರಿ: ಸ್ವಿವೆಲ್ ಇರುವ ಸ್ನ್ಯಾಪ್ ಶ್ಯಾಕಲ್ 7 ಸೆಂ.ಮೀ. ಜಾಗ ತಿಂದರೆ, ಪೂರ್ತಿ ಎತ್ತರಕ್ಕೆ ಹೊಲಿದ ಜಿಬ್‌ನ ಹಾಲ್ಯಾರ್ಡ್ ಮೇಲಿನ ರಾಟೆಗೆ ತಾಗಿ ನಿಲ್ಲುತ್ತದೆ, ಹಾಯಿಯ ಮುಂದಿನ ಅಂಚು ಬಿಗಿಯಾಗುವುದೇ ಇಲ್ಲ. ಹಾಯಿಯಿಂದ ಬಿಚ್ಚಿದ ಕೂಡಲೇ ಹಾಲ್ಯಾರ್ಡ್ ತುದಿಯನ್ನು ಎಲ್ಲಾದರೂ ಸಿಕ್ಕಿಸಿಬಿಡಿ. ಕೈಬಿಟ್ಟರೆ ಮಾಸ್ಟ್ ತುದಿಗೆ ಹೋಗಿ ಕೂರುತ್ತದೆ, ಕೆಳಗಿಳಿಸಲು ಮಾಸ್ಟನ್ನೇ ಮಲಗಿಸಬೇಕು.

ಮುಂದಿನ ಅಂಚಿನ ಹ್ಯಾಂಕ್‌ಗಳು

ಫೋರ್‌ಸ್ಟೇಗೆ ಸಿಕ್ಕಿಸುವ ಹ್ಯಾಂಕ್‌ಗಳಲ್ಲಿ ಕಂಚಿನ ಪಿಸ್ಟನ್ ಹ್ಯಾಂಕ್ ಹಳೆಯದಾದರೂ ಮೇಲು. ಕಂಚು ಸ್ಟೀಲಿಗಿಂತ ಮೆದು. ಸವೆದರೆ ಹ್ಯಾಂಕ್ ಸವೆಯುತ್ತದೆ, ಫೋರ್‌ಸ್ಟೇ ಉಳಿಯುತ್ತದೆ. ಸ್ಟೀಲ್ ಹ್ಯಾಂಕ್ ತಂತಿಯನ್ನೇ ಕೊರೆಯುತ್ತದೆ. ತಂತಿಯ ದಪ್ಪಕ್ಕೆ ತಕ್ಕ ಅಳತೆ ತೆಗೆದುಕೊಳ್ಳಿ. ಡಿಂಗಿಯಲ್ಲಿ ತಂತಿ ಸಾಮಾನ್ಯವಾಗಿ 2.5–3 ಮಿ.ಮೀ., ಆರು ಮೀಟರ್ ಸುಮಾರಿನ ದೋಣಿಯಲ್ಲಿ 4. ಬಾಯಿ ತೀರ ದೊಡ್ಡದಾದರೆ ಹ್ಯಾಂಕ್ ಅಡ್ಡ ತಿರುಗಿ, ಹಾಯಿ ಏರಿಸುವಾಗ ಅರ್ಧದಲ್ಲಿ ಕಚ್ಚಿಕೊಳ್ಳುತ್ತದೆ. ಎರಡು ಅಡಿಗೊಂದರಂತೆ ಇದ್ದರೆ ಸಾಕು. ದೂರ ಹೆಚ್ಚಾದರೆ ಹ್ಯಾಂಕ್‌ಗಳ ನಡುವೆ ಹಾಯಿಯ ಅಂಚು ಅಲೆಯಲೆಯಾಗಿ ಜೋತುಬೀಳುತ್ತದೆ.

ಪಿಸ್ಟನ್ ಬಿಗಿಯಾದರೆ ಎಣ್ಣೆ ಹಾಕಬೇಡಿ, ಎಣ್ಣೆಗೆ ಮರಳು ಅಂಟಿ ಇನ್ನೂ ಹಿಡಿಯುತ್ತದೆ. ಬಿಸಿನೀರಿನಲ್ಲಿ ನೆನೆಸಿ ಉಪ್ಪು ತೆಗೆದು, ಒಣ ಟೆಫ್ಲಾನ್ ಸ್ಪ್ರೇ ಹೊಡೆಯಿರಿ. ಡೈನೀಮಾದ ಸಾಫ್ಟ್ ಹ್ಯಾಂಕ್ ಹಗುರ, ಹಾಯಿಚೀಲದೊಳಗೆ ಬಟ್ಟೆಗೆ ಉಜ್ಜುವುದಿಲ್ಲ. ಆದರೆ ಫೋರ್‌ಸ್ಟೇಯಲ್ಲಿ ಒಂದೇ ಒಂದು ಎಳೆ ಮುರಿದು ಮುಳ್ಳಿನಂತೆ ನಿಂತಿದ್ದರೂ ಎಲ್ಲವನ್ನೂ ಕೊಯ್ದುಹಾಕುತ್ತದೆ. ಹತ್ತಿಯ ತುಂಡನ್ನು ತಂತಿಯ ಮೇಲೆ ಕೆಳಗಿಂದ ಮೇಲಕ್ಕೆ ಸವರಿದರೆ ಎಳೆ ಎಲ್ಲಿ ಎದ್ದಿದೆ ಅಂತ ಗೊತ್ತಾಗುತ್ತದೆ. ಎದ್ದಿದ್ದರೆ ಬದಲಿಸಬೇಕಾದ್ದು ಹ್ಯಾಂಕ್ ಅಲ್ಲ, ಫೋರ್‌ಸ್ಟೇ.

ಕಟ್ಟುವಾಗ ಟ್ಯಾಕ್ ಮೊದಲು, ಆಮೇಲೆ ಹ್ಯಾಂಕ್‌ಗಳು ಕೆಳಗಿನಿಂದ ಮೇಲಕ್ಕೆ, ಬಳಿಕ ಶೀಟು, ಕೊನೆಗೆ ಹಾಲ್ಯಾರ್ಡ್. ಹ್ಯಾಂಕ್‌ಗಳ ಬಾಯಿ ಎಲ್ಲವೂ ಒಂದೇ ಬದಿಗಿರಲಿ. ನಡುವೆ ಒಂದು ಉಲ್ಟಾ ಆದರೂ ಅಲ್ಲಿ ಹಾಯಿ ತಿರುಚಿರುತ್ತದೆ, ಏರಿಸಿದ ಮೇಲೆಯೇ ಕಾಣುತ್ತದೆ. ಹಾಲ್ಯಾರ್ಡ್ ಕೊನೆಗೆ ಯಾಕೆಂದರೆ, ಮೊದಲೇ ಸಿಕ್ಕಿಸಿದರೆ ಗಾಳಿ ಹಾಯಿಯನ್ನು ತಾನೇ ಎತ್ತಲು ಶುರುಮಾಡುತ್ತದೆ.

ಕೊಳ್ಳುವಾಗ ಸ್ಟೀಲ್ 316 ದರ್ಜೆಯದ್ದೇ ಕೇಳಿ. ಅಯಸ್ಕಾಂತ ಹಿಡಿದು ನೋಡಿದರೆ 304ಕ್ಕೂ 316ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಎರಡೂ ಸಾಮಾನ್ಯವಾಗಿ ಅಂಟುವುದಿಲ್ಲ. ಬಲವಾಗಿ ಅಂಟಿತೆಂದರೆ ಮಾತ್ರ ಅದು ಬಹುತೇಕ ಇವೆರಡೂ ಅಲ್ಲ, ಬೇರೆ ಉಕ್ಕು ಅಂತ ತಿಳಿಯಿರಿ. ಕೆಆರ್‌ಎಸ್ ಹಿನ್ನೀರಿನಂಥ ಸಿಹಿನೀರಿನಲ್ಲಿ 304 ಕೂಡ ವರ್ಷಗಟ್ಟಲೆ ಬಾಳುತ್ತದೆ. ಕಾರವಾರ, ಗೋವಾ, ಮುಂಬೈ ಕಡಲಿಗೆ ಅದು ಬೇಡ. ತಿಂಗಳೊಪ್ಪತ್ತಿನಲ್ಲಿ ಕಂದು ಕಲೆ ಏಳುತ್ತದೆ, ಪಿನ್ನಿನ ಸಂದಿನಲ್ಲಿ ಒಳಗೊಳಗೇ ತಿನ್ನುತ್ತದೆ. ಅಲ್ಯೂಮಿನಿಯಂ ಕ್ಯಾರಬೈನರ್ ಸ್ಟೀಲಿಗೆ ತಾಗಿಕೊಂಡು ಉಪ್ಪುನೀರಿನಲ್ಲಿದ್ದರೆ ಬಿಳಿ ಪುಡಿ ಹಿಡಿದು ಸಾಯುವುದು ಅಲ್ಯೂಮಿನಿಯಮ್ಮೇ. ಬೆಟ್ಟ ಹತ್ತುವವರ ಸಾಮಾನನ್ನು ದೋಣಿಗೆ ತರುವವರು ಇದನ್ನು ಮರೆಯಬಾರದು.

ಫೋರ್‌ಸ್ಟೇ ಇರುವ ಐದಾರು ಮೀಟರಿನ ದೋಣಿಗೆ ಒಟ್ಟು ಬೇಕಾಗುವುದು ಇಷ್ಟು: ಟ್ಯಾಕ್‌ಗೆ ಒಂದು ಸ್ನ್ಯಾಪ್ ಶ್ಯಾಕಲ್, ಹೆಡ್‌ಗೆ 5 ಮಿ.ಮೀ. ಕ್ಯಾಪ್ಟಿವ್ ಪಿನ್ ಶ್ಯಾಕಲ್ ಒಂದು, ಮತ್ತು 4 ಮಿ.ಮೀ. ಡೈನೀಮಾ ಮೂರು ಮೀಟರ್. ಮೂರು ಮೀಟರಿನಲ್ಲಿ ಎರಡು ಸಾಫ್ಟ್ ಶ್ಯಾಕಲ್ ಆಗುತ್ತವೆ, ಒಂದು ಬಳಕೆಗೆ, ಒಂದು ಹೆಚ್ಚುವರಿಗೆ. ಉಳಿದ 60 ಸೆಂ.ಮೀ. ತುಂಡನ್ನೂ ಲೈಫ್ ಜಾಕೆಟ್ ಜೇಬಿನಲ್ಲಿಡಿ. ಟ್ಯಾಕ್ ಕೊಂಡಿ ಕೈಕೊಟ್ಟರೆ ಅದನ್ನೇ ಫಿಟ್ಟಿಂಗಿಗೂ ಹಾಯಿಗೂ ನಡುವೆ ನಾಲ್ಕು ಸುತ್ತು ಸುತ್ತಿ, ಜಾರದಂತೆ ಮೂರು ನಾಲ್ಕು ಗಂಟು ಒಂದರ ಮೇಲೊಂದು ಹಾಕಿದರೆ ದಡ ಮುಟ್ಟಬಹುದು.

ನೀರಿಗಿಳಿಸುವ ಮೊದಲು ದಡದಲ್ಲೇ ಒಂದು ಪರೀಕ್ಷೆ ಮಾಡಿ. ಹತ್ತು ನಾಟ್ ಆಸುಪಾಸಿನ ಗಾಳಿ ಇರುವ ಹೊತ್ತಿನಲ್ಲಿ ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿ ನಿಲ್ಲಿಸಿ, ಜಿಬ್ ಏರಿಸಿ, ಶೀಟು ಸಡಿಲ ಬಿಟ್ಟು ಎರಡು ನಿಮಿಷ ಬಡಿಯಲು ಬಿಡಿ. ಆಗ ದೂರ ನಿಲ್ಲಿ. ಆಮೇಲೆ ಶೀಟನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಹತ್ತು ಸಲ ಎಳೆದಾಡಿ, ಕ್ಲ್ಯೂ ಪ್ರತಿಸಲ ಶ್ರೌಡ್ ದಾಟುವಾಗ ಎಲ್ಲಿ ತಡೆಯುತ್ತದೆ ಅಂತ ಗಮನಿಸಿ. ತಡೆಯುವುದು ಟರ್ನ್‌ಬಕಲ್ ಹತ್ತಿರವಾದರೆ ಅಲ್ಲಿನ ಸ್ಪ್ಲಿಟ್ ಪಿನ್‌ಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ; ಮಾಸ್ಟ್ ಹತ್ತಿರವಾದರೆ ಅಲ್ಲಿರುವ ಕ್ಲೀಟ್ ಅಥವಾ ಹುಕ್ಕಿನ ಮೂತಿಗೆ ಹಳೆಯ ಹಾಲ್ಯಾರ್ಡ್ ಒಂದನ್ನು ಇಳಿಜಾರಾಗಿ ಕಟ್ಟಿದರೆ ಶೀಟು ಅದರ ಮೇಲೆ ಜಾರಿಹೋಗುತ್ತದೆ. ಹಾಯಿ ಇಳಿಸಿ ಪ್ರತಿ ಕೊಂಡಿಯನ್ನೂ ಕೈಯಲ್ಲಿ ಹಿಡಿದು ನೋಡಿ. ಪಿನ್ ಕಾಲು ಸುತ್ತು ತಿರುಗಿದ್ದರೂ, ಸಾಫ್ಟ್ ಶ್ಯಾಕಲ್‌ನ ಕುಣಿಕೆ ಗಂಟಿನಿಂದ ಒಂದೆರಡು ಮಿ.ಮೀ. ಸರಿದಿದ್ದರೂ ಅದನ್ನು ಸರಿಪಡಿಸಿ, ಪರೀಕ್ಷೆ ಮತ್ತೆ ಮಾಡಿ.